ಗುರುಲಿಂಗಮ್ಮನ ರೊಟ್ಟಿ ಡಬ್ಬಿ

ಅಕ್ಕಲಕೋಟ
೧೨ ಜುಲೈ ೨೦೨೪, ಶುಕ್ರವಾರ

ಚಿರಂಜೀವಿ ಪ್ರಾಜಕ್ತಾಗೆ, ರೊಟ್ಟಿ ಬಡಿದ ಕೈ ತೊಳೆದುಕೊಂಡು ನಿನ್ನ ಗುರುಲಿಂಗಮ್ಮತ್ತಿ ಬರೆಯುವುದು.

ಈ ಕಾಗದ ನಿನಗೆ ಡಬ್ಬಿಯ ಮುಚ್ಚಳದ ಒಳಗೆ ಸಿಕ್ಕಿರಬೇಕು. ನಗಬೇಡ. ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನ ಮಾಮಾ ಸ್ಪೀಕರ್ ಹಾಕದೆ ಬಿಡುವವರಲ್ಲ. ನಾವಾಡಿದ್ದು ಬಸ್‌ಸ್ಟ್ಯಾಂಡಿನ ತನಕ ಕೇಳಿಸುತ್ತದೆ. ಐದನೇ ಇಯತ್ತೆಯಿಂದ ನನ್ನ ಮನೆಯಲ್ಲಿ ಬೆಳೆದ ಸೋದರ ಸೊಸೆಯ ಜೊತೆ ನಾಲ್ಕು ಗುಟ್ಟಿನ ಮಾತಾಡಲು ನನಗೆ ಹಕ್ಕಿಲ್ಲವೇನು? ಪತ್ರವನ್ನು ಪುಸ್ತಕದ ಭಾಷೆಯಲ್ಲೇ ಬರೆಯಬೇಕೆಂದು ನಮ್ಮ ಕನ್ನಡ ಸಾಲಿಯ ಮಾಸ್ತರು ಕೈಮೇಲೆ ಹೊಡೆದು ಕಲಿಸಿದ್ದಾರೆ. ಸಿಟ್ಟು ಬಂದರೆ ಮಾತ್ರ ಕೈ ತಪ್ಪುತ್ತದೆ, ತಿಳಿದುಕೊಂಡು ಓದು.

ನಮ್ಮ ಓಣಿಯ ಭಗವಂತ ದಿನಾ ಸೊಲ್ಲಾಪುರಕ್ಕೆ ಅಪ್-ಡೌನ್ ಮಾಡುತ್ತಾನಲ್ಲ, ಶುಕ್ರವಾರ ನಿನ್ನ ಹಾಸ್ಟೆಲ್ಲಿನ ಗೇಟಿನಲ್ಲಿ ಡಬ್ಬಿ ಕೊಟ್ಟು ಸೋಮವಾರ ವಾಪಸ್ ತರುತ್ತೇನೆ ಎಂದಿದ್ದಾನೆ. ಇಪ್ಪತ್ತು ಖಡಕ್ ರೊಟ್ಟಿ, ಮೇಲೆ ಶೇಂಗಾ ಹಿಂಡಿ. ಆ ನರ್ಸಿಂಗ್ ಹಾಸ್ಟೆಲ್ಲಿನ ನೀರು ನೀರು ಸಾರು ಕುಡಿದು ಎರಡನೇ ವರ್ಷ ಹೇಗೆ ಪಾಸಾಗುತ್ತೀ? ರೊಟ್ಟಿ ಬಡಿದು ಮಾರುವ ನಮ್ಮ ಶೆಡ್ಡಿಗೆ ಬಂದವರಿಗೆಲ್ಲ ನಾನು ಹೇಳುವುದೇ, "ನಮ್ಮ ಪ್ರಾಜಕ್ತಾನ ನೋಡ್ರಿ, ಆಕಿನ ನಮ್ಮ ರೊಟ್ಟಿಗಿ ಬೋರ್ಡ್" ಅಂತ. ಮಾರ್ಚ್‌ನಲ್ಲಿ ನಿನ್ನನ್ನು ನೋಡಲು ಬಂದವರಿಗೂ ಅದನ್ನೇ ಹೇಳಿದೆ. ಆ ಸಂಬಂಧ ಹೋದರೆ ಹೋಗಲಿ ಬಿಡು. ಅವರ ಹುಡುಗ ಒಣ ಸಜ್ಜೆಯ ದಂಟಿನ ಹಾಗಿದ್ದ.

ಒಂದು ಮಾತು. ಪಾತ್ರೆಯನ್ನು ಬರಿದು ಮಾಡಿ ಕಳಿಸುವುದು ನಮ್ಮ ಪದ್ಧತಿಯಲ್ಲ. ಒಂದು ಚಿಟಿಕೆ ಸಕ್ಕರೆಯಾದರೂ ಹಾಕು, ಅದರ ಜೊತೆ ಒಂದು ಕಾಗದ.

ನಿನ್ನ ಅತ್ತಿ


ಸೊಲ್ಲಾಪುರ
೧೫ ಜುಲೈ ೨೦೨೪

ಗುರುಲಿಂಗಮ್ಮತ್ತಿಗೆ ಪ್ರಾಜಕ್ತಾಳ ನಮಸ್ಕಾರ.

ಡಬ್ಬಿ ತೆರೆದ ಕೂಡಲೇ ಇಡೀ ಖೋಲಿ ಶೇಂಗಾ ಹಿಂಡಿಯ ವಾಸನೆಯಾಯಿತು. ನನ್ನ ಖೋಲಿಯ ಯೋಗಿತಾ "ಕಾಕೂಚ್ಯಾ ಹಾತಾಲಾ ಸೋನ್ಯಾಚಂ ಕಡಂ ಘಾಲಾ" ಅಂದಳು. ನಿಮ್ಮ ಕೈಗೆ ಚಿನ್ನದ ಕಡಗ ಹಾಕಬೇಕಂತೆ. ರೊಟ್ಟಿ ಎಲ್ಲ ಖಾಲಿಯಾದವು.

ಒಂದು ಸುದ್ದಿ ಹೇಳುವುದಿತ್ತು. ನಾನು ಸೋಮವಾರ ಮತ್ತು ಗುರುವಾರ ಉಪವಾಸ ಹಿಡಿದಿದ್ದೇನೆ. ಏಕಾದಶಿ, ಸಂಕಷ್ಟಿ ಕೂಡ. ಮನಸ್ಸಿಗೆ ಶಾಂತಿ ಇರುತ್ತದೆ. ಮೈಂದರ್ಗಿಯಲ್ಲಿ ಅವ್ವನಿಗೂ ಹೇಳಿಬಿಡಿ, ಫೋನ್ ಮಾಡಿದಾಗಲೆಲ್ಲ ಏನುಂಡಿ ಏನುಂಡಿ ಎಂದು ಕೇಳುತ್ತಾಳೆ.

ಸಕ್ಕರೆ ಹಾಕಿದ್ದೇನೆ. ಕನ್ನಡ ಬರೆದು ವರ್ಷಗಳಾದವು, ತಪ್ಪಿದ್ದರೆ ನಗಬೇಡಿ.

ಪ್ರಾಜಕ್ತಾ


ಅಕ್ಕಲಕೋಟ
೯ ಆಗಸ್ಟ್ ೨೦೨೪

ನನ್ನ ಬಂಗಾರದಂಥ ಹುಡುಗಿಗೆ,

ಇವತ್ತು ಪಂಚಮಿ. ಹೆಣ್ಣುಮಕ್ಕಳು ಮನೆಗೆ ಬರುವ ಹಬ್ಬಕ್ಕೆ ನೀನು ವಾರ್ಡಿನ ಡ್ಯೂಟಿ ಎಂದು ಕೂತಿದ್ದೀ. ಸಿಟ್ಟು ಬಂದಿತ್ತು, ಆದರೆ ನಿನ್ನ ಉಪವಾಸದ ನೆನಪಾಗಿ ಸಿಟ್ಟು ಇಳಿಯಿತು. ಈಗಿನ ಕಾಲದಲ್ಲಿ ಯಾವ ಹುಡುಗಿ ವಾರಕ್ಕೆ ಎರಡು ಉಪವಾಸ ಮಾಡುತ್ತಾಳೆ? ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿದೆ. ನನ್ನ ಜೊತೆ ರೊಟ್ಟಿ ಬಡಿಯುವ ಸಕ್ಕುಬಾಯಿ ತನ್ನ ಮೊಮ್ಮಗಳಿಗೆ, "ಪ್ರಾಜಕ್ತಾನ ನೋಡಿ ಕಲಿ, ನೀ ಬರೇ ಕುರ್‌ಕುರೆ ತಿಂತಿ" ಎಂದು ಬೈದಳು. ಶ್ರಾವಣವಲ್ಲವೇ, ಬೇಕಾದರೆ ಶನಿವಾರವೂ ಹಿಡಿ. ನಿನ್ನ ಮಾಮಾ ಮಾತ್ರ, "ಹುಡುಗಿ ಸೊರಗ್ಯಾಳ, ಫೋಟೋದಾಗ ಗದ್ದದ ಎಲುಬ ಕಾಣಾಕತ್ತದ" ಎಂದು ಗೊಣಗಿದರು. ಅವರ ಚಷ್ಮಾ ಬದಲಿಸಬೇಕು.

ಶೇಂಗಾ ಉಂಡಿ, ಎಳ್ಳುಂಡಿ ಸೇರಿ ಇಪ್ಪತ್ತೈದು ಇಟ್ಟಿದ್ದೇನೆ. ಉಪವಾಸ ಇಲ್ಲದ ದಿನ ತಿನ್ನು.

ನಿನ್ನ ಅತ್ತಿ


ಸೊಲ್ಲಾಪುರ
೧೨ ಆಗಸ್ಟ್ ೨೦೨೪

ಅತ್ತಿಗೆ,

ಉಂಡಿ ಎಲ್ಲ ಖಾಲಿಯಾದವು. ಎರಡೇ ದಿನದಲ್ಲಿ. ಇನ್ನು ಮೇಲೆ ಉಂಡಿ ಕಳಿಸಬೇಡಿರಿ.

ಈ ವಾರ ಕ್ಲಾಸಿನಲ್ಲಿ ಊಟದ ರೋಗಗಳ ಬಗ್ಗೆ ಪಾಠ ಆಯಿತು. ಅವು ಹೊಟ್ಟೆಯ ರೋಗಗಳಲ್ಲ, ಮನಸ್ಸಿನವು. ಕೆಲವರು ದಪ್ಪಗಾಗುವ ಭಯದಿಂದ ಉಣ್ಣುವುದನ್ನೇ ಬಿಡುತ್ತಾರೆ. ಎಲುಬು ಕಂಡರೂ ಕನ್ನಡಿಯಲ್ಲಿ ತಮಗೆ ತಾವು ದಪ್ಪಗೇ ಕಾಣುತ್ತಾರೆ. ಅದಕ್ಕೆ ಅನೊರೆಕ್ಸಿಯಾ ಎನ್ನುತ್ತಾರೆ. ಕೆಲವರು ಕೈ ತಡೆಯಲಾಗದೆ ತಿಂದು, ಆಮೇಲೆ ಹೆದರಿ ಎಲ್ಲ ಹೊರಗೆ ಹಾಕುತ್ತಾರೆ. ಅದು ಬುಲಿಮಿಯಾ. ಇನ್ನು ಕೆಲವರು ಹಸಿವಿಲ್ಲದಿದ್ದರೂ ಬಾಗಿಲು ಹಾಕಿಕೊಂಡು ತಿಂದು, ಆಮೇಲೆ ನಾಚಿಕೆಯಿಂದ ಸಾಯುತ್ತಾರೆ. ಒಂದೊಂದು ಸಲ ಒಂದು ರೋಗ ಇನ್ನೊಂದಕ್ಕೆ ಹೊರಳುತ್ತದಂತೆ.

ಇಂಥವರನ್ನು ನೀವು ಎಲ್ಲಿಯಾದರೂ ನೋಡಿದ್ದೀರೇನು ಅತ್ತಿ? ಸುಮ್ಮನೆ ಕೇಳಿದೆ.

ಪ್ರಾಜಕ್ತಾ


ಅಕ್ಕಲಕೋಟ
೧೬ ಆಗಸ್ಟ್ ೨೦೨೪

ಪ್ರಾಜಕ್ತಾ,

ನಿನ್ನ ಪಾಠ ಶೆಡ್ಡಿನಲ್ಲಿ ಓದಿ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಕ್ಕುಬಾಯಿ, "ಅವೆಲ್ಲಾ ಪುಣೆ-ಮುಂಬೈದಾಗ ಎಸಿ ಖೋಲ್ಯಾಗ ಮಲಗವರ ರೋಗ, ನಮಗೆಲ್ಲಿದವ್ವಾ? ಎರಡು ದಿನ ಹೊಲದಾಗ ರಾಶಿಗಿ ಕಳಸರಿ, ಜಡ್ಡು ತಾನ ಹೋಗ್ತದ" ಎಂದಳು. ಹಸಿದವರು ಉಣ್ಣದೆ ಇರುವುದುಂಟೇ?

ಇಪ್ಪತ್ತೈದು ಉಂಡಿ ಎರಡು ದಿನದಲ್ಲಿ ಮುಗಿದವು ಎಂದು ಓದಿ ನನ್ನ ಹೊಟ್ಟೆ ತುಂಬಿತು. ಡಬ್ಬಿ ಕೂಡ ಸಾಬೂನು ಹಚ್ಚಿ ಫಳಫಳ ತೊಳೆದು ಕಳಿಸಿದ್ದೀ. ಸಕ್ಕರೆ ಹಾಕಲು ಮರೆತಿದ್ದೀ, ಇರಲಿ. ಕಳಿಸಬೇಡ ಎಂದು ಸಂಕೋಚಕ್ಕೆ ಬರೆದಿದ್ದೀ ಎಂದು ನನಗೆ ಗೊತ್ತು. ಅದಕ್ಕೇ ಈ ಸಲ ಮೂವತ್ತು ಉಂಡಿ, ಮೂವತ್ತು ರೊಟ್ಟಿ.

ನಿನ್ನ ಅತ್ತಿ


ಅಕ್ಕಲಕೋಟ
೬ ಸಪ್ಟೆಂಬರ್ ೨೦೨೪

ಪ್ರಾಜಕ್ತಾ,

ಮೂರು ವಾರ ಆಯಿತು. ಡಬ್ಬಿ ಇಲ್ಲ, ಕಾಗದ ಇಲ್ಲ. ಫೋನ್ ಮಾಡಿದರೆ "ಆರಾಮ್ ಇದೀನ್ರಿ" ಎಂದು ಇಟ್ಟುಬಿಡುತ್ತೀ. ನಾಳೆ ಗಣಪತಿ ಕೂಡಿಸುವ ಹಬ್ಬ, ನನಗೆ ಒಲೆ ಹಚ್ಚುವ ಮನಸ್ಸಿಲ್ಲ.

ಭಗವಂತ ಗೇಟಿನಲ್ಲಿ ಕೇಳಿದನಂತೆ. ನಿನ್ನ ಯೋಗಿತಾ ಹೊರಗೆ ಬಂದು ಹೇಳಿದಳಂತೆ, "ಕಾಕಾ, ಈಗ ಡಬ್ಬಿ ತರಬ್ಯಾಡ್ರಿ. ಜುಲೈದಾಗ ಬಂದ ರೊಟ್ಟಿ ಎಲ್ಲಾ ನಾವ ತಿಂದೀವಿ, ಆಕಿ ಒಂದೂ ಮುಟ್ಟಿಲ್ಲ. ಈಗ ವಾರ್ಡಿನ್ಯಾಗ ಚಕ್ಕರ ಬಂದು ಬಿದ್ದಾಳ, ಡಾಕ್ಟರ್ ಎಡ್ಮಿಟ್ ಮಾಡ್ಯಾರ" ಅಂತ.

ಇದೇನ ಇದು? ನಾ ಇಲ್ಲಿ ಊರ ಮಂದಿಗಿ ಡಂಗುರಾ ಹೊಡಕೋತ ಕುಂತೀನಿ, ನಮ್ಮ ಹುಡುಗಿ ಉಪವಾಸ ಮಾಡ್ತಾಳ, ಉಪವಾಸ ಮಾಡ್ತಾಳ ಅಂತ. ನೀ ಅಲ್ಲಿ ಬಿದ್ದೀದಿ. ನನ್ನ ಮುಂದ ಹೇಳಾಕ ಬಾಯಿ ಬರಲಿಲ್ಲೇನು ನಿನಗ? ನಾ ಏನು ಹೊರಗಿನಾಕಿ ಏನು? ಖರೇ ಏನದ ಬರಿ. ಇಲ್ಲಾಂದ್ರ ಮಂಗಳವಾರ ಮೊದಲ ಗಾಡಿಗಿ ಬಂದು ನಿನ್ನ ಮುಂದ ನಿಲ್ತೀನಿ.

ಅತ್ತಿ


ಸೊಲ್ಲಾಪುರ
೯ ಸಪ್ಟೆಂಬರ್ ೨೦೨೪

ಅತ್ತಿಗೆ,

ಬರಬೇಡಿ. ಮೊದಲು ಓದಿ, ಆಮೇಲೆ ಬರ್ರಿ. ಎದುರು ನಿಂತರೆ ನನಗೆ ಹೇಳಲು ಆಗುವುದಿಲ್ಲ. ಈಗ ಖೋಲಿಗೆ ಬಂದಿದ್ದೇನೆ, ಜೀವಕ್ಕೆ ಅಪಾಯವಿಲ್ಲ.

ಉಪವಾಸ ದೇವರಿಗಾಗಿ ಇರಲಿಲ್ಲ. ಉಪವಾಸ ಎಂದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ, ಮೇಲೆ ಕೈ ಮುಗಿಯುತ್ತಾರೆ. ಅದಕ್ಕೇ ಹಿಡಿದೆ. ವಾರಕ್ಕೆ ಎರಡು ದಿನ ಇದ್ದದ್ದು ನಾಲ್ಕಾಯಿತು, ಐದಾಯಿತು. ಉಪವಾಸದ ಸಾಬೂದಾಣಿ ಖಿಚಡಿಯನ್ನೂ ಬಿಟ್ಟೆ. ನಿಮ್ಮ ರೊಟ್ಟಿಯನ್ನು ಯೋಗಿತಾಳಿಗೂ ಅವಳ ಗೆಳತಿಯರಿಗೂ ಹಂಚಿ, ಡಬ್ಬಿಗೆ ಸಕ್ಕರೆ ಹಾಕಿ ಕಳಿಸುತ್ತಿದ್ದೆ.

ಪಂಚಮಿಯ ಉಂಡಿ ಬಂದಾಗ ಖೋಲಿಯಲ್ಲಿ ಯಾರೂ ಇರಲಿಲ್ಲ. ಒಂದು ತಿಂದೆ. ಆಮೇಲೆ ನನಗೆ ನಿಲ್ಲಿಸಲು ಆಗಲಿಲ್ಲ ಅತ್ತಿ. ಮರುದಿನ ಸಂಜೆಯೊಳಗೆ ಡಬ್ಬಿಯ ತಳ ಕಂಡಿತು. ತಿಂದದ್ದನ್ನೆಲ್ಲ ಹೊರಗೆ ಹಾಕಿದೆ. ವಾಸನೆ ಹೋಗಲಿ ಎಂದು ಡಬ್ಬಿಯನ್ನು ಸಾಬೂನಿನಿಂದ ಮೂರು ಸಲ ತೊಳೆದೆ. ನಿಮಗೆ ಆ ಪಾಠದ ಪತ್ರ ಬರೆದದ್ದು ಅದಾಗಿ ಎರಡು ದಿನಕ್ಕೆ. ಗುರುತು ಹಿಡಿಯುತ್ತೀರಿ ಎಂದುಕೊಂಡಿದ್ದೆ. ನೀವು ನಕ್ಕು ಮೂವತ್ತು ಉಂಡಿ ಕಳಿಸಿದಿರಿ. ಅವನ್ನು ಮುಟ್ಟದೆ ಯೋಗಿತಾಳಿಗೆ ಕೊಟ್ಟು ಅತ್ತುಬಿಟ್ಟೆ.

ಇನ್ನೊಂದು ಮಾತು ಬರೆಯಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ಈಗ ನನ್ನನ್ನು ನೋಡುತ್ತಿರುವ ಮನಸ್ಸಿನ ರೋಗಗಳ ಡಾಕ್ಟರ್ ಮೇಡಂ ಬರೆ ಎಂದರು. ಮಾರ್ಚ್‌ನಲ್ಲಿ ಆ ಬೀಗರು ಬಂದಾಗ ನೀವು ನನ್ನ ತೋಳು ಹಿಡಿದು ಹೇಳಿದಿರಿ, "ನಮ್ಮ ರೊಟ್ಟಿ ತಿಂದು ಬೆಳದಾಳ್ರಿ, ಖಾತ್ಯಾ-ಪಿತ್ಯಾ ಘರಚಿ, ಉಂಡುಟ್ಟ ಮನಿಯಾಕಿ, ನೋಡಿದ್ರ ಗೊತ್ತಾಗ್ತದ" ಎಂದು. ಆ ಹುಡುಗನ ಕಾಕೂ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಹೌದ್ರಿ, ಗೊತ್ತಾಗ್ತದ" ಅಂದಳು. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ನಾನು ಚಹಾದ ತಾಟು ಹಿಡಿದು ನಿಂತಿದ್ದೆ.

ನಿಮ್ಮೊಬ್ಬರಿಂದಲೇ ಆದದ್ದಲ್ಲ, ಇಂಥ ರೋಗಕ್ಕೆ ಒಂದೇ ಕಾರಣ ಇರುವುದಿಲ್ಲ ಎಂದು ಮೇಡಂ ಹೇಳಿದ್ದಾರೆ. ಆದರೆ ನನಗೆ ನಿಮ್ಮ ರೊಟ್ಟಿಯ ಬೋರ್ಡ್ ಆಗುವುದು ಬೇಡ. ಸದ್ಯ ಡಬ್ಬಿ ಕಳಿಸಬೇಡಿ. ಈ ಸಲ ಖರೇನೇ ಬೇಡ.

ಪ್ರಾಜಕ್ತಾ


ಅಕ್ಕಲಕೋಟ
೧೩ ಸಪ್ಟೆಂಬರ್ ೨೦೨೪

ಪ್ರಾಜಕ್ತಾ,

ನಾ ಪಾಪಿ. ನನ್ನ ನಾಲಿಗಿ ಸುಡಲಿ. ನೀ ಹೊಟ್ಟಿ ತುಂಬ ಉಂಡಿ ಅಂತ ನನಗ ತಿಳಿಯೂ ತನಕಾ ನಾನೂ ಒಂದು ತುತ್ತು ಬಾಯಾಗ ಹಾಕೂದಿಲ್ಲ. ಇದು ನನ್ನ ಆಣಿ. ಕಾಗದ ತರುವ ಭಗವಂತನ ಕೈಲೇ ಉತ್ತರ ಕಳಸು.

ಅತ್ತಿ


ಸೊಲ್ಲಾಪುರ
೧೩ ಸಪ್ಟೆಂಬರ್ ೨೦೨೪

ಅತ್ತಿ,

ಭಗವಂತ ಕಾಕಾ ಗೇಟಿನಲ್ಲಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಶುಗರ್ ಇದೆ. ನೀವು ಉಣ್ಣದಿದ್ದರೆ ಬೀಳುತ್ತೀರಿ, ಅದೂ ನನ್ನ ತಲೆಯ ಮೇಲೆ ಬರುತ್ತದೆ. ನನ್ನ ತುತ್ತಿನ ಭಾರವೇ ನನಗೆ ಹೊರಲು ಆಗುತ್ತಿಲ್ಲ, ನಿಮ್ಮ ತುತ್ತನ್ನೂ ಹೊರಿಸಬೇಡಿ. ಹೆದರಿಸಿ, ಆಣೆ ಹಾಕಿ, ಅತ್ತು ಉಣಿಸಿದರೆ ಈ ಜಡ್ಡು ಹೆಚ್ಚಾಗುತ್ತದೆ. ಇದು ಹಟ ಅಲ್ಲ ಅತ್ತಿ, ಸೊಕ್ಕೂ ಅಲ್ಲ. ಜ್ವರ ಬಂದವರಿಗೆ ಆಣೆ ಹಾಕಿದರೆ ಜ್ವರ ಇಳಿಯುತ್ತದೇನು?

ಈಗಿಂದೀಗ ಉಣ್ಣಿರಿ. ಗುರುವಾರ ನಾನು ಮೇಡಂ ಅವರನ್ನು ಕಾಣಲು ಹೋಗುತ್ತೇನೆ. ಬರುವುದಿದ್ದರೆ ಅಂದು ಬರ್ರಿ.

ಪ್ರಾಜಕ್ತಾ


ಅಕ್ಕಲಕೋಟ
೨೭ ಸಪ್ಟೆಂಬರ್ ೨೦೨೪

ಚಿರಂಜೀವಿ ಪ್ರಾಜಕ್ತಾಗೆ,

ನಿನ್ನ ಚೀಟಿ ಬಂದ ಸಂಜೆಯೇ ಉಂಡೆ. ನಿನ್ನ ಮಾಮಾ ಬಡಿಸಿದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಮೊದಲ ಸಲ. ಅನ್ನ ತಳ ಹತ್ತಿತ್ತು.

ಕಳೆದ ವಾರ ನಿನ್ನ ಡಾಕ್ಟರ್ ಬಾಯಿಯ ಮುಂದೆ ಕೂತು ಬಂದಾಗಿನಿಂದ ಅವರು ಹೇಳಿದ್ದನ್ನೇ ನೆನೆಸುತ್ತಿದ್ದೇನೆ. ನಾನು ಅಳುತ್ತ, "ನಂದ ತಪ್ಪಾತ್ರಿ" ಎಂದಾಗ ಅವರು ನೀರು ಕೊಟ್ಟು, "ಅಜ್ಜಿ, ತಪ್ಪು ಹುಡುಕೂದು ಸಾಕು. ವಾಸಿ ಆಗ್ತದ, ನಿಧಾನಕ್ಕ ಆಗ್ತದ. ಆಕಿ ಮೈ ಬಗ್ಗೆ ಛಲೋ ಅಂತಾನೂ ಅನಬ್ಯಾಡ್ರಿ, ಕೆಟ್ಟ ಅಂತಾನೂ ಅನಬ್ಯಾಡ್ರಿ. ಊಟದ ವಿಚಾರಣಿ ಮಾಡಬ್ಯಾಡ್ರಿ" ಎಂದರು. ಅಜ್ಜಿ ಎಂದದ್ದಕ್ಕೆ ನನಗೆ ಸಿಟ್ಟು ಬಂತು, ಆದರೆ ಮಾತು ಖರೇ ಇತ್ತು.

ಮಠಕ್ಕೂ ಹೋಗಿ ಬಂದೆ. ಅಯ್ಯನವರ ಮುಂದೆ ಎಲ್ಲ ಹೇಳಿದೆ. "ಜಡ್ಡಿನ್ಯಾಗ ಇದ್ದವರಿಗಿ ಯಾವ ಉಪವಾಸಾನೂ ಇಲ್ಲವ್ವಾ, ಬಿಡಿಸಿಬಿಡು" ಎಂದರು. ನಿನ್ನ ಹೆಸರಿನಲ್ಲಿ ಕಾಯಿ ಒಡೆಸಿ ಸೋಮವಾರ, ಗುರುವಾರ, ಏಕಾದಶಿ, ಸಂಕಷ್ಟಿ ಎಲ್ಲ ಬಿಡಿಸಿ ಬಂದಿದ್ದೇನೆ. ಇನ್ನು ಆ ನೆಪ ನಿನಗಿಲ್ಲ. ಶೆಡ್ಡಿನಲ್ಲೂ ಹೇಳಿದೆ, "ನನ್ನ ಸೊಸಿಗಿ ಜಡ್ಡದ, ಎಸಿ ಖೋಲಿ ಜಡ್ಡಲ್ಲ, ನಮ್ಮ ಮನ್ಯಾಗಿನ ಜಡ್ಡ" ಎಂದು. ಯಾರೂ ನಗಲಿಲ್ಲ. ಸಕ್ಕುಬಾಯಿ, ಮೊಮ್ಮಗಳು ಹೋಟಗಿಯ ಕಾಲೇಜಿನಿಂದ ಬಂದರೆ ಉಂಡ ಕೂಡಲೇ ಬಚ್ಚಲು ಸೇರಿ ನಲ್ಲಿ ಬಿಟ್ಟುಕೊಂಡು ಕೂರುತ್ತಾಳೆ ಎಂದು ಕಣ್ಣು ಒರೆಸಿಕೊಂಡಳು. ಅವಳಿಗೆ ಡಾಕ್ಟರ್ ಬಾಯಿಯ ನಂಬರ್ ಕೊಟ್ಟಿದ್ದೇನೆ.

ಈಗ ನನ್ನ ತೊಂದರೆ ಕೇಳು. ಊಟದ ಬಗ್ಗೆ ಕೇಳಬಾರದು ಎಂದರೆ ನಾನು ಏನು ಬರೆಯಲಿ? ನಮ್ಮಲ್ಲಿ ಯಾರೇ ಸಿಗಲಿ, "ಊಟಾ ಆತೇನ್ರಿ" ಎನ್ನದೆ ಮಾತು ಶುರುವಾಗುವುದಿಲ್ಲ. ಒಂದು ತಾಸಿನಿಂದ ಪೆನ್ನು ಹಿಡಿದು ಕೂತಿದ್ದೇನೆ. ಮೊದಲ ಹಾಳೆಯಲ್ಲಿ ಮೂರು ಸಲ ಆ ಪ್ರಶ್ನೆ ಬಂತು, ಹರಿದು ಹಾಕಿದೆ. ಅದಕ್ಕೇ ಬೇರೆ ಸುದ್ದಿ ಬರೆಯುತ್ತೇನೆ. ನಮ್ಮ ಬೆಕ್ಕು ಮರಿ ಹಾಕಿದೆ, ಮೂರು. ನಿನ್ನ ಮಾಮಾ ಹೊಸ ಚಷ್ಮಾ ಹಾಕಿಕೊಂಡು ನನ್ನನ್ನು ನೋಡಿ, "ನಿನಗ ಇಷ್ಟು ಬಿಳಿಕೂದಲ ಯಾವಾಗ ಬಂದ್ವು" ಎಂದು ಕೇಳಿದರು. ಅವರ ಹಳೆಯ ಚಷ್ಮಾವೇ ಸರಿಯಿತ್ತು, ಅವರಿಗೂ ನನಗೂ. ನಿನ್ನ ಗದ್ದವನ್ನು ಮಾತ್ರ ಆ ಹಳೆಯದರಲ್ಲೇ ಸರಿಯಾಗಿ ಕಂಡಿದ್ದರು.

ನೀನು ನಮ್ಮ ರೊಟ್ಟಿಯ ಬೋರ್ಡ್ ಅಲ್ಲ. ನನ್ನ ತಮ್ಮನ ಮಗಳು. ಅಷ್ಟೇ ಸಾಕು ನನಗೆ.

ನಿನ್ನ ಅತ್ತಿ


ಸೊಲ್ಲಾಪುರ
೧೧ ನವೆಂಬರ್ ೨೦೨೪

ಪ್ರೀತಿಯ ಅತ್ತಿಗೆ,

ಬೆಕ್ಕಿನ ಮರಿಗಳ ಸುದ್ದಿಯನ್ನು ಯೋಗಿತಾ ದಿನಾ ಕೇಳುತ್ತಾಳೆ. ಆರು ವಾರದಲ್ಲಿ ನೀವು ಬರೆದ ಐದು ಕಾಗದಗಳಲ್ಲಿ ಒಂದೇ ಒಂದು ಸಲ "ಊಟ" ಎಂದು ಬರೆದು ಹೊಡೆದು ಹಾಕಿದ್ದೀರಿ, ಬೆಳಕಿಗೆ ಹಿಡಿದರೆ ಕಾಣುತ್ತದೆ. ನಾವಿಬ್ಬರೂ ನಕ್ಕು ಸಾಕಾಯಿತು.

ದೀಪಾವಳಿಗೆ ಬರಲಿಲ್ಲವೆಂದು ಬೇಜಾರಾಗಬೇಡಿ. ಅಷ್ಟು ಮಂದಿಯ ಮುಂದೆ ಫರಾಳದ ತಿಂಡಿಯ ತಾಟು ಹಿಡಿಯಲು ಇನ್ನೂ ಧೈರ್ಯವಿಲ್ಲ. ಇಲ್ಲಿ ಯೋಗಿತಾಳ ಎದುರು ಕೂತು ದಿನಕ್ಕೆ ಮೂರು ಹೊತ್ತು ಉಣ್ಣುತ್ತೇನೆ. ಅವಳು ನನ್ನ ತಾಟು ನೋಡುವುದಿಲ್ಲ, ಸೀರಿಯಲ್ ಕಥೆ ಹೇಳುತ್ತಾಳೆ. ಒಳ್ಳೆಯ ದಿನ ಇರುತ್ತವೆ, ಕೆಟ್ಟ ದಿನವೂ ಇರುತ್ತವೆ. ಕಳೆದ ವಾರ ಎರಡು ಕೆಟ್ಟ ದಿನ ಬಂದವು. ಮೇಡಂಗೆ ಹೇಳಿದೆ, ಮುಚ್ಚಿಡಲಿಲ್ಲ. ತಲೆ ಬಾಚಿದರೆ ಕೂದಲು ಮೊದಲಿನಷ್ಟು ಉದುರುತ್ತಿಲ್ಲ.

ಪ್ರಾಜಕ್ತಾ


ಸೊಲ್ಲಾಪುರ
೬ ಜನವರಿ ೨೦೨೫

ಅತ್ತಿ,

ಮುಂದಿನ ಸೋಮವಾರ ಸಂಕ್ರಾಂತಿಯ ಭೋಗಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ನೆನಪಾಗುತ್ತಿದೆ. ಭಯದ ನೆನಪಲ್ಲ, ಬರೇ ನೆನಪು. ನಿಮ್ಮ ಡಬ್ಬಿ ಆಗಸ್ಟ್‌ನಿಂದ ನನ್ನ ಕಾಟಿನ ಕೆಳಗಿದೆ. ಇವತ್ತು ಭಗವಂತ ಕಾಕಾನ ಕೈಯಲ್ಲಿ ಕಳಿಸಿದ್ದೇನೆ. ಶುಕ್ರವಾರ ನಾಲ್ಕು ರೊಟ್ಟಿ ಕಳಿಸಿರಿ. ನಾಲ್ಕೇ. ಐದನೆಯದು ಇದ್ದರೆ ನಾನು ಹೆದರುತ್ತೇನೆ.

ಪ್ರಾಜಕ್ತಾ


ಅಕ್ಕಲಕೋಟ
೧೦ ಜನವರಿ ೨೦೨೫

ಪ್ರಾಜಕ್ತಾ,

ನಾಲ್ಕು ಇಟ್ಟಿದ್ದೇನೆ. ನಿನ್ನ ಮಾಮಾ ಎರಡು ಸಲ ಎಣಿಸಿ ನೋಡಿದರು, ನನ್ನ ಮೇಲೆ ಅವರಿಗೆ ಭರವಸೆ ಇಲ್ಲ. ಇಷ್ಟು ದೊಡ್ಡ ಡಬ್ಬಿಯಲ್ಲಿ ನಾಲ್ಕು ರೊಟ್ಟಿ ಖಡಖಡ ಎನ್ನುತ್ತವೆ ಎಂದು ಮಧ್ಯೆ ನನ್ನ ಹಳೇ ಸೀರೆಯ ತುಂಡು ಇಟ್ಟಿದ್ದೇನೆ. ಬೇರೆ ಏನೂ ಇಲ್ಲ. ಹಿಂಡಿಯೂ ಇಲ್ಲ, ನೀನು ಕೇಳಿಲ್ಲ.

ಬೆಕ್ಕಿನ ಒಂದು ಮರಿಯನ್ನು ಸಕ್ಕುಬಾಯಿಯ ಮೊಮ್ಮಗಳು ಒಯ್ದಳು.

ನಿನ್ನ ಅತ್ತಿ


ಸೊಲ್ಲಾಪುರ
೧೩ ಜನವರಿ ೨೦೨೫, ಭೋಗಿ

ಪ್ರೀತಿಯ ಅತ್ತಿಗೆ,

ಈ ಸಲ ಸಕ್ಕರೆ ಹಾಕಿಲ್ಲ. ಡಬ್ಬಿಯಲ್ಲಿ ಒಂದೂವರೆ ರೊಟ್ಟಿ ಇದೆ. ಶನಿವಾರ ಒಂದು ತಿಂದೆ. ನಿನ್ನೆ ಒಂದು. ಇವತ್ತು ಮುಂಜಾನೆ ಅರ್ಧ ತಿಂದಾಗ ಹೊಟ್ಟೆ ತುಂಬಿತು, ಅಲ್ಲಿಗೆ ಕೈ ನಿಂತಿತು. ನಾನು ನಿಲ್ಲಿಸಲಿಲ್ಲ ಅತ್ತಿ, ತಾನೇ ನಿಂತಿತು. ಯಾರಿಗೂ ಕೊಟ್ಟಿಲ್ಲ, ಎಲ್ಲಿಯೂ ಬಚ್ಚಿಟ್ಟಿಲ್ಲ, ಹೊರಗೆ ಹಾಕಿಲ್ಲ. ಉಳಿದದ್ದನ್ನು ನಿಮಗೆ ಕಳಿಸಿದ್ದೇನೆ. ಡಬ್ಬಿಯನ್ನು ತೊಳೆದೂ ಇಲ್ಲ.

ಪ್ರಾಜಕ್ತಾ


ಅಕ್ಕಲಕೋಟ
೧೭ ಜನವರಿ ೨೦೨೫

ನನ್ನ ಪ್ರಾಜಕ್ತಾ,

ಡಬ್ಬಿ ಬಂದಾಗ ಶೆಡ್ಡಿನಲ್ಲಿದ್ದೆ. ಭಗವಂತ, "ಅಕ್ಕಾ, ಡಬ್ಬಿ ಖಾಲಿ ಇಲ್ಲರಿ, ಒಳಗ ಸಪ್ಪಳ ಆಗಾಕತ್ತದ" ಎಂದ. ಮತ್ತೆ ಉಣ್ಣುವುದು ಬಿಟ್ಟಳೇನೋ ಎಂದುಕೊಂಡೆ. ಹಿಟ್ಟಿನ ಕೈಯಲ್ಲೇ ಮುಚ್ಚಳ ತೆಗೆದು ಕಾಗದ ಓದಿದೆ.

ಮೂವತ್ತು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದೇನೆ. ಡಬ್ಬಿ ಖಾಲಿಯಾಗಿ ಬಂದರೆ ಹಿಗ್ಗುತ್ತಿದ್ದೆ, ಉಳಿದು ಬಂದರೆ ಮುಖ ಸಣ್ಣದು ಮಾಡುತ್ತಿದ್ದೆ. ನಿನ್ನ ಖಾಲಿ ಡಬ್ಬಿ ನೋಡಿ ಎರಡು ಸಲ ಮೋಸ ಹೋದೆ. ಈ ಒಂದೂವರೆ ರೊಟ್ಟಿ ನೋಡಿ ಶೆಡ್ಡಿನಲ್ಲೇ ಕೂತು ಅತ್ತೆ, ಸಂತೋಷಕ್ಕೆ. ಸಕ್ಕುಬಾಯಿಯೂ ಅತ್ತಳು.

ಸಂಜೆ ಆ ಒಂದು ರೊಟ್ಟಿಯನ್ನು ನಿನ್ನ ಮಾಮಾನಿಗೆ ಕೊಟ್ಟೆ. ನೀನು ಮುರಿದಿಟ್ಟ ಅರ್ಧವನ್ನು ಮಜ್ಜಿಗೆಯಲ್ಲಿ ನೆನೆಸಿ ನಾನು ತಿಂದೆ. ನಾಲ್ಕು ದಿನದ ರೊಟ್ಟಿ, ಆದರೂ ರುಚಿ ಕೆಟ್ಟಿರಲಿಲ್ಲ. ಮುಂದಿನ ಶುಕ್ರವಾರಕ್ಕೆ ಎಷ್ಟು ಇಡಲಿ ಎಂದು ನೀನೇ ಬರೆ. ಡಬ್ಬಿಯನ್ನು ಇನ್ನು ಮುಂದೆಯೂ ತೊಳೆಯಬೇಡ, ನಾನು ತೊಳೆದುಕೊಳ್ಳುತ್ತೇನೆ.

ನಿನ್ನ ಅತ್ತಿ